ಮೂರು ಪಾಯಿಂಟ್ ಎಂಟು ಓಮ್

ಆ ದಿನ ಗುಂಡಿಯ ಸುತ್ತ ನೆಲ ಒದ್ದೆಯಾಗಿತ್ತೋ ಒಣಗಿತ್ತೋ ನನಗೆ ನೆನಪಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಿಸಿಲು ನೆನಪಿದೆ. ಹಿತ್ತಲಿನ ನುಗ್ಗೆಮರ ನೆನಪಿದೆ. ಯಾರೋ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಕೊಟ್ಟರು, ಅದರಲ್ಲಿ ಕರಿಬೇವಿನ ಎಲೆ ತೇಲುತ್ತಿತ್ತು. ಆದರೆ ಆ ಮಜ್ಜಿಗೆ ಯಳಂದೂರಿನದೋ ಹಿಂದಿನ ದಿನ ಕುಡಿದ ಕೊಳ್ಳೇಗಾಲದ್ದೋ ಎಂದು ಕೇಳಿದರೆ ಪ್ರಮಾಣ ಮಾಡಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಓದುವಾಗ ನಮಗೆ ಕಲಿಸಿದ್ದು, ಅಳೆದದ್ದನ್ನು ನಂಬು, ಹೇಳಿದ್ದನ್ನು ಅನುಮಾನಿಸು ಎಂದು. ಆ ಪಾಠದ ಎರಡನೆಯ ಅರ್ಧವನ್ನು ನಾನು ಚೆನ್ನಾಗಿಯೇ ಕಲಿತೆ. ಯಾರು ಏನು ಹೇಳಿದರೂ ಅನುಮಾನಿಸಿದೆ.

ಹನೂರು, ಕೊಳ್ಳೇಗಾಲ, ಯಳಂದೂರುಗಳಲ್ಲಿ ಒಂದು ವಿದ್ಯಾಸಂಸ್ಥೆ ಕಾಲೇಜು ಮಕ್ಕಳಿಗಾಗಿ ಮೂರು ಹಾಸ್ಟೆಲ್ ನಡೆಸುತ್ತಿತ್ತು. ಮೊದಲೆರಡು ಹುಡುಗರದು, ಯಳಂದೂರಿನದು ಹುಡುಗಿಯರದು. ಹನೂರಿನಲ್ಲಿ ಮೊಬೈಲ್ ಚಾರ್ಜರ್‌ನಿಂದ ಒಂದು ಹಾಸಿಗೆ ಹೊತ್ತಿಕೊಂಡಿತು. ಯಾರಿಗೂ ಏನೂ ಆಗಲಿಲ್ಲವಾದರೂ ಸಂಸ್ಥೆಯ ಕಾರ್ಯದರ್ಶಿಗೆ ಹೆದರಿಕೆಯಾಗಿ, ಮೂರು ಕಟ್ಟಡಗಳ ವೈರಿಂಗ್ ನೋಡಿ ವರದಿ ಕೊಡಬೇಕೆಂದು ನನ್ನನ್ನು ಕರೆಸಿದರು. ಬೇಸಿಗೆ ಶುರುವಾಗಿತ್ತು. ನನ್ನ ಜೊತೆಗೆ ಆ ಹಾಸ್ಟೆಲ್‌ಗಳ ಕೆಲಸವನ್ನು ಬಹಳ ವರ್ಷದಿಂದ ನೋಡಿಕೊಂಡು ಬಂದ ಕೊಳ್ಳೇಗಾಲದ ವೈರ್‌ಮನ್ ಇದ್ದರು. ನನಗಿಂತ ಹಿರಿಯರು. ಟೆಸ್ಟರನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು.

ಮೊದಲ ದಿನ ಹನೂರು. ಆರು ಜನರ ಕೋಣೆಗೆ ಒಂದೇ ಸಾಕೆಟ್. ಅದರಿಂದ ಒಂದು ಎಕ್ಸ್‌ಟೆನ್ಷನ್ ಬಾಕ್ಸ್, ಆ ಬಾಕ್ಸಿನಿಂದ ಇನ್ನೊಂದು, ಅದು ಕಿಟಕಿಯ ಸರಳಿಗೆ ನೇತುಬಿದ್ದಿತ್ತು. ಅದೇ ಸರಳಿಗೆ ಒದ್ದೆ ಬನಿಯನ್‌ಗಳ ಹಗ್ಗ. ಒಂದು ಟೇಬಲ್ ಫ್ಯಾನಿನ ವೈರಿಗೆ ಪ್ಲಗ್ಗೇ ಇರಲಿಲ್ಲ. ತುದಿ ಕೆರೆದ ಎರಡು ಎಳೆಗಳನ್ನು ಸಾಕೆಟ್ಟಿನ ತೂತಿಗೆ ತುರುಕಿ, ಬೀಳದಿರಲೆಂದು ಬೆಂಕಿಕಡ್ಡಿ ಸಿಕ್ಕಿಸಿದ್ದರು.

"ಪ್ಲಗ್ಗು ಎಲ್ಲಪ್ಪ?" ಎಂದೆ ಆ ಫ್ಯಾನಿನ ಒಡೆಯನಿಗೆ.

"ಮುರ್ದೋಯ್ತು ಸಾ."

"ಬೇರೆ ತರಬಾರದೇ?"

"ಕಡ್ಡಿ ಇದ್ದೇ ಇರ್ತದಲ್ಲ ಸಾ."

ವೈರ್‌ಮನ್ ಕಡ್ಡಿಗಳನ್ನು ಕಿತ್ತು ಅವನ ಕೈಗಿಟ್ಟರು. "ಲೇ, ಡಿಗ್ರಿ ಓದ್ತಾ ಇದ್ದೀಯ, ಕರೆಂಟ್ಗೆ ಕಡ್ಡಿ ಸಿಗಸ್ತೀಯಲ್ಲ, ನಿಮ್ಮಪ್ಪನ್ ಕರ್ಸಿ ಏಳ್ಲಾ?"

"ನಮ್ಮಪ್ಪನೇ ಕಣಣ್ಣ ಕಲ್ಸಿದ್ದು. ಒಲದ ಮೋಟ್ರುಗೂ ಇಂಗೇ ಸಿಗ್ಸಿರೋದು."

ಕೋಣೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ನಂತರ ವರದಿಯಲ್ಲಿ, ‘ನಿವಾಸಿಗಳಲ್ಲಿ ಅಪಾಯದ ಅರಿವು ಇಲ್ಲ’ ಎಂದು ಬರೆದುಕೊಂಡೆ.

ಹೊರಗೆ ಬಂದು ಅರ್ಥಿಂಗ್ ಪರೀಕ್ಷೆ ಮಾಡಿದೆವು. ಕಟ್ಟಡದಲ್ಲಿರುವ ಮೋಟರು, ಗ್ರೈಂಡರ್, ನೀರಿನ ಫಿಲ್ಟರ್, ಹೀಗೆ ಲೋಹದ ಮೈಯಿರುವ ಎಲ್ಲವನ್ನೂ ಒಂದು ಹಸಿರು ತಂತಿಯಿಂದ ಸೇರಿಸಿ, ಆ ತಂತಿಯನ್ನು ಹಿತ್ತಲಿನ ಗುಂಡಿಯೊಂದರಲ್ಲಿ ಹೂತ ಪೈಪಿಗೆ ಕಟ್ಟಿರುತ್ತಾರೆ. ಯಾವುದರಲ್ಲಾದರೂ ಕರೆಂಟು ಮೈಗೆ ಸೋರಿದರೆ ಅದು ಈ ದಾರಿಯಿಂದ ಭೂಮಿಗೆ ಹರಿದುಹೋಗಬೇಕು. ಭೂಮಿ ಎಷ್ಟು ಸಲೀಸಾಗಿ ಅದನ್ನು ಹೀರಿಕೊಳ್ಳುತ್ತದೆ ಎನ್ನುವುದೇ ಪರೀಕ್ಷೆ. ಗುಂಡಿಯ ತಂತಿ ಬಿಚ್ಚಿ ಮೀಟರಿಗೆ ಕೊಡಬೇಕು. ದೂರದಲ್ಲಿ ಒಂದರ ಮುಂದೊಂದು ಎರಡು ಕಬ್ಬಿಣದ ಗೂಟ ನೆಟ್ಟು ಅವುಗಳಿಂದಲೂ ವೈರ್ ಎಳೆದು ತರಬೇಕು. ನಡುವಿನ ಗೂಟವನ್ನು ಹಿಂದೆ ಮುಂದೆ ಸರಿಸಿ ಮೂರು ಸಲ ಓದಬೇಕು. ಅಂಕಿ ಕಡಿಮೆ ಬಂದಷ್ಟೂ ಒಳ್ಳೆಯದು.

ಹನೂರಿನ ನೆಲದಲ್ಲಿ ಗೂಟವೇ ಇಳಿಯಲಿಲ್ಲ. ಸುತ್ತಿಗೆ ಹೊಡೆದಾಗಲೆಲ್ಲ ಕಲ್ಲಿನ ಸದ್ದು. "ಇದು ನೆಲ ಅಲ್ಲ ಸಾ, ಬಂಡೆ ಮ್ಯಾಲೆ ಬಳ್ದಿರೋ ಮಣ್ಣು" ಎಂದರು ವೈರ್‌ಮನ್. ನಾಲ್ಕು ಕಡೆ ಪ್ರಯತ್ನಿಸಿ ಅಂತೂ ಓದಿದಾಗ ನಲವತ್ತೆರಡು ಓಮ್ ಬಂತು. ಕೆಟ್ಟ ಅಂಕಿ. ಮರುದಿನ ಕೊಳ್ಳೇಗಾಲದಲ್ಲಿ ಹನ್ನೊಂದು. ಸುಮಾರು. ಅಲ್ಲಿ ಮೇನ್ ಬೋರ್ಡಿನ ನ್ಯೂಟ್ರಲ್ ಸುಟ್ಟು ಕಪ್ಪಾಗಿತ್ತು. ಅದನ್ನು ಬದಲಿಸುವುದರಲ್ಲೇ ಮಧ್ಯಾಹ್ನವಾಯಿತು.

ಮೂರನೆಯ ದಿನ ಯಳಂದೂರು. ಅಂದು ನಾನು ಹಾಸ್ಟೆಲ್ ತಲುಪುವ ಮೊದಲೇ ಅಲ್ಲಿನ ಅಂಕಿ ಎಷ್ಟಿರಬಹುದೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದೆ. ನಾಲೆಯ ಬಯಲು, ಗದ್ದೆಗಳ ಊರು, ಕಪ್ಪು ಮಣ್ಣು. ಐದಕ್ಕಿಂತ ಕಡಿಮೆ ಬರಬೇಕು. ಬಂದದ್ದು ಮೂರು ಪಾಯಿಂಟ್ ಎಂಟು. ಹನೂರಿನ ನಲವತ್ತೆರಡನ್ನು ನಂಬದೆ ನಾಲ್ಕು ಸಲ ಅಳೆದಿದ್ದೆ. ಇದನ್ನು ಎಷ್ಟು ಸಲ ಅಳೆದೆ? ನನ್ನ ಪುಸ್ತಕದಲ್ಲಿ ಒಂದೇ ಅಂಕಿ ಇದೆ. ಮೀಟರಿನ ಫೋಟೋ ತೆಗೆದುಕೊಂಡೆ. ಮಧ್ಯಾಹ್ನ ಹುಡುಗಿಯರನ್ನು ಊಟದ ಹಾಲಿನಲ್ಲಿ ಕೂರಿಸಿ ಒಂದು ಗಂಟೆ ಮಾತಾಡಿದೆ. ನೀರು ಕಾಯಿಸುವ ಕಾಯಿಲ್ ಬಳಸಬೇಡಿ, ಯಾರಿಗಾದರೂ ಶಾಕ್ ಹೊಡೆದರೆ ಬರಿಗೈಯಲ್ಲಿ ಮುಟ್ಟಬೇಡಿ, ಮೊದಲು ಸ್ವಿಚ್ ಆರಿಸಿ ಎಂದೆಲ್ಲ ಹೇಳಿದೆ. ಕಾಯಿಲ್ ಕಂಡರೆ ಕಿತ್ತಿಟ್ಟುಕೊಳ್ಳಿ ಎಂದು ವಾರ್ಡನ್ ಮೇಡಂಗೂ ಹೇಳಿದೆ.

"ಸೋಲಾರ್ ಕೆಟ್ಟು ಎರಡು ವರ್ಷ ಆಯ್ತು ಸಾರ್" ಎಂದಳು ಹಿಂದಿನ ಸಾಲಿನ ಒಬ್ಬಳು. "ಕಾಯಿಲ್ ಬೇಡ ಅಂದ್ರೆ ಮಾರ್ಗಶಿರದಲ್ಲಿ ನೀವು ಬಂದು ಇಲ್ಲಿ ಸ್ನಾನ ಮಾಡಿ ನೋಡಿ."

ಎಲ್ಲರೂ ಗೊಳ್ಳೆಂದು ನಕ್ಕರು. ಅವಳೇ ಮುಂದೆ ಈ ಕಥನದೊಳಗೆ ಬರುವ ಹುಡುಗಿ ಎಂದು ನನಗೆ ಅನಿಸುತ್ತದೆ. ಖಚಿತವಿಲ್ಲ.

ಈಗ ನನ್ನ ನಿರ್ಧಾರದ ಮಾತು. ಅರ್ಥಿಂಗ್ ಎಷ್ಟೇ ಕೆಟ್ಟಿದ್ದರೂ ಜೀವ ಉಳಿಸುವ ಒಂದು ಸಾಧನವಿದೆ. ಇಎಲ್‌ಸಿಬಿ ಎನ್ನುತ್ತಾರೆ. ಕರೆಂಟು ಸ್ವಲ್ಪ ದಾರಿ ತಪ್ಪಿದರೂ ಕಣ್ಣು ಮಿಟುಕಿಸುವುದರೊಳಗೆ ಸರಬರಾಜನ್ನು ಕಡಿದುಹಾಕುತ್ತದೆ. ಮೂರು ಹಾಸ್ಟೆಲ್‌ಗಳಲ್ಲೂ ಅದಿರಲಿಲ್ಲ. ಮೂರಕ್ಕೂ ಹಾಕಿಸಿ ಎಂದು ಬರೆದೆ. ಈಗ ಎರಡು ಕಟ್ಟಡಕ್ಕೆ ತರಿಸುತ್ತೇವೆ, ಮೂರನೆಯದು ರಜೆ ಮುಗಿದ ಮೇಲೆ, ಯಾವ ಎರಡಕ್ಕೆಂದು ನೀವೇ ಹೇಳಿ ಎಂದರು ಕಾರ್ಯದರ್ಶಿ. ನಾನು ಬಹಳ ಯೋಚಿಸಲಿಲ್ಲ. ಮೂರು ಅಂಕಿಗಳನ್ನು ಸಾಲಾಗಿ ಬರೆದು ನೋಡಿದೆ. ಹನೂರು, ಕೊಳ್ಳೇಗಾಲ ಎಂದು ಗುರುತು ಮಾಡಿದೆ. ಕೆಳಗೆ ನನ್ನ ಅಕ್ಷರದಲ್ಲೇ ಇದೆ: ‘ಯಳಂದೂರು ಕಾಯಬಹುದು. ಭೂಸಂಪರ್ಕ ಉತ್ತಮ.’

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಯಳಂದೂರಿನ ವಾರ್ಡನ್ ಫೋನ್ ಮಾಡಿದರು. ಮಾತಿಗಿಂತ ಉಸಿರಾಟವೇ ಹೆಚ್ಚು ಕೇಳಿಸುತ್ತಿತ್ತು. ಒಬ್ಬ ಹುಡುಗಿಗೆ ಕರೆಂಟ್ ಹೊಡೆದಿದೆ, ಜೀವ ಇದೆ, ಆಸ್ಪತ್ರೆಗೆ ಸೇರಿಸಿದ್ದೇವೆ, ಕಾಯಿಲ್ ಬಳಸಿದ್ದಾಳೆ ಎಂದರು. ನಾನು ಬಸ್ಸಿನಲ್ಲಿ ಹೋಗುವಾಗ, ಹೇಳಿದರೂ ಕೇಳುವುದಿಲ್ಲವಲ್ಲ ಎಂದು ಸಿಟ್ಟು ಮಾಡಿಕೊಂಡಿದ್ದೆ. ಇದು ಚೆನ್ನಾಗಿ ನೆನಪಿದೆ.

ಅವಳು ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನವಳು. ಕಾಡಿನೊಳಗಿನ ಬುಡಕಟ್ಟು ಜನರ ಹಾಡಿಗಳನ್ನು ಅಲ್ಲಿ ಪೋಡು ಎನ್ನುತ್ತಾರೆ. ಬಿ.ಎ. ಕೊನೆಯ ವರ್ಷ. ಇನ್ನು ಹನ್ನೆರಡು ದಿನಕ್ಕೆ ಪರೀಕ್ಷೆ. ಅವಳ ಪೋಡಿನಿಂದ ಅಷ್ಟು ಮುಂದಕ್ಕೆ ಓದಿದವರಲ್ಲಿ ಅವಳೇ ಮೊದಲಿಗಳು ಎಂದು ಆಸ್ಪತ್ರೆಯಲ್ಲಿ ಜೊತೆಗಿದ್ದ ಕೋಣೆಯ ಗೆಳತಿ ಹೇಳಿದಳು. ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜ್ ಸುತ್ತಿದ್ದರು.

"ಏನಾಯ್ತಮ್ಮ?" ಎಂದೆ.

"ಬಾಟ್ಲಿಗೆ ನೀರು ಹಿಡಿಯಕ್ಕೆ ಓದೆ ಸಾರ್. ವರಾಂಡದ ಫಿಲ್ಟರು. ನಲ್ಲಿ ಮುಟ್ಟಿದ್ದಷ್ಟೇ. ಆಮೇಲೆ ಬುಡಕ್ಕೇ ಆಗ್ನಿಲ್ಲ."

"ಕಾಯಿಲ್?"

"ಟ್ರಂಕಿನಲ್ಲಿತ್ತು ಸಾರ್. ಎಲ್ಲರ ಟ್ರಂಕಲ್ಲೂ ಇದೆ. ನಂದು ಮಾತ್ರ ತೆಗ್ಸಿ ನೋಡಿದ್ರು."

ಅವಳನ್ನು ಬಿಡಿಸಿದ್ದು ಆ ಗೆಳತಿಯೇ. ಪ್ಲಾಸ್ಟಿಕ್ ಕುರ್ಚಿಯಿಂದ ನೂಕಿ ಬೀಳಿಸಿದ್ದಳು. ಅಷ್ಟಾದರೂ ನನ್ನ ಮಾತು ಉಪಯೋಗಕ್ಕೆ ಬಂತಲ್ಲ ಎಂದು ನನಗೆ ಸಮಾಧಾನವಾಯಿತು, ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟೆ. "ಇಲ್ಲ ಸಾರ್, ಅದು ಟೀವಿಲಿ ನೋಡಿದ್ದೆ" ಎಂದಳು ಗೆಳತಿ.

ಹಾಸ್ಟೆಲಿನಲ್ಲಿ ವಾರ್ಡನ್ ಅವರ ಕಥೆ ಬೇರೆ ಇತ್ತು. ವರಾಂಡದಲ್ಲಿ ನೀರು ಚೆಲ್ಲಿತ್ತು, ಅವಳು ಅಲ್ಲೇ ಬಕೆಟ್ಟಿಗೆ ಕಾಯಿಲ್ ಹಾಕಿದ್ದಳು, ಅವಳು ಬಿದ್ದ ಮೇಲೆ ಉಳಿದ ಹುಡುಗಿಯರು ಕಾಯಿಲನ್ನು ಒರೆಸಿ ಟ್ರಂಕಿನಲ್ಲಿಟ್ಟರು. "ಎಲ್ಲ ಒಂದೇ ಗುಂಪು ಸರ್, ಒಬ್ಬರನ್ನೊಬ್ಬರು ಬಿಟ್ಟುಕೊಡಲ್ಲ" ಎಂದರು. ಅವರು ಕಾಯಂ ನೌಕರರಲ್ಲ, ತಪ್ಪು ತಲೆಗೆ ಬಂದರೆ ಕೆಲಸ ಹೋಗುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಹುಡುಗಿಯ ಮಾತು ನಿಜವಾಗಬೇಕಾದರೆ ಫಿಲ್ಟರಿನ ಸ್ಟೀಲ್ ಮೈಗೆ ಕರೆಂಟು ಬಂದಿರಬೇಕು. ಬಂದರೂ ನನ್ನ ಮೂರು ಪಾಯಿಂಟ್ ಎಂಟಿನ ಗುಂಡಿ ಅದನ್ನು ಹೀರಿಕೊಳ್ಳಬೇಕಿತ್ತು, ಬೋರ್ಡಿನ ಸ್ವಿಚ್ ತಾನೇ ಬಿದ್ದುಹೋಗಬೇಕಿತ್ತು. ಅಂದರೆ ನನ್ನ ಅಂಕಿ ನಿಜವಾದರೆ ಹುಡುಗಿ ಸುಳ್ಳಿ.

ಮೇನ್ ಆರಿಸಿಯೇ ಇತ್ತು. ಫಿಲ್ಟರಿನ ವೈರು ಬಿಚ್ಚಿ, ಸೋರಿಕೆ ಪತ್ತೆಹಚ್ಚುವ ಮೆಗ್ಗರ್ ಹಿಡಿದೆ. ಅದರೊಳಗೆ ಏನೂ ಸೋರುತ್ತಿರಲಿಲ್ಲ. ಆರೋಗ್ಯವಾಗಿತ್ತು. ವಾರ್ಡನ್ ಮುಖದಲ್ಲಿ ಸ್ವಲ್ಪ ಗೆಲುವು ಕಂಡಿತು. ಆ ಸಂಜೆ ಅಷ್ಟಕ್ಕೇ ಬಿಟ್ಟೆ. ಮಾರನೆಯ ದಿನ ವೈರ್‌ಮನ್ ಬಂದ ಮೇಲೆ ಒಂದೊಂದೇ ಉಪಕರಣ ಬಿಚ್ಚುತ್ತ ಹೋದೆವು. ಹಿತ್ತಲಿನ ಪಂಪು ಸರಿಯಿತ್ತು. ಅಡುಗೆಮನೆಯ ದೊಡ್ಡ ಗ್ರೈಂಡರಿಗೆ ಮೆಗ್ಗರ್ ಹಿಡಿದಾಗ ಮುಳ್ಳು ಸೊನ್ನೆಯಿಂದ ಏಳಲೇ ಇಲ್ಲ, ಅಂದರೆ ಕರೆಂಟು ಪೂರ್ತಿ ಮೈಗೆ ಸೋರುತ್ತಿತ್ತು. ಮೋಟರಿನೊಳಗೆ ಅಕ್ಕಿಹಿಟ್ಟಿನ ನೀರು ಇಳಿದು ಸುರುಳಿ ಸುಟ್ಟು ಕಬ್ಬಿಣದ ಮೈಗೆ ಅಂಟಿಕೊಂಡಿತ್ತು. ಆ ಬೆಳಿಗ್ಗೆ ಇಡ್ಲಿಗೆ ಹಿಟ್ಟು ಆಡಿಸುತ್ತಿದ್ದರು.

ನಂತರ ಗುಂಡಿ. ಮುಚ್ಚಳ ಎತ್ತಿದಾಗ ಒಳಗೆ ಬೂದಿಯ ಹಾಗೆ ಒಣಮಣ್ಣು. ಅದೇ ಮೀಟರು, ಅದೇ ಗೂಟಗಳು, ಅದೇ ಅಂತರ. ಎಂಬತ್ತೇಳು ಓಮ್. ಈ ಸಲ ಆರು ಬಾರಿ ಅಳೆದೆ.

ಆಗ ಎಲ್ಲ ತಿಳಿಯಿತು. ಗ್ರೈಂಡರಿನ ಕರೆಂಟು ಹಸಿರು ತಂತಿಗೆ ಇಳಿದಿದೆ. ಭೂಮಿ ತೆಗೆದುಕೊಂಡಿಲ್ಲ. ಸ್ವಿಚ್ ಬೀಳುವಷ್ಟು ಹರಿಯಲೂ ಇಲ್ಲ. ತಂತಿಯಲ್ಲೇ ನಿಂತು, ಅದಕ್ಕೆ ಕಟ್ಟಿದ್ದ ಎಲ್ಲ ಲೋಹಕ್ಕೂ ಹಂಚಿಹೋಗಿದೆ. ಅಡುಗೆಯವರು ನಿಂತದ್ದು ರಬ್ಬರ್ ಹಾಸಿನ ಮೇಲೆ. ಹುಡುಗಿ ನಿಂತದ್ದು ಒದ್ದೆ ವರಾಂಡದಲ್ಲಿ, ಬರಿಗಾಲಲ್ಲಿ. ಕಾಪಾಡಲೆಂದು ಎಳೆದ ತಂತಿಯೇ ಅಡುಗೆಮನೆಯಿಂದ ಅವಳ ಕೈವರೆಗೆ ಕರೆಂಟನ್ನು ಹೊತ್ತು ತಂದಿತ್ತು.

ಹಾಗಾದರೆ ಅಂದಿನ ಮೂರು ಪಾಯಿಂಟ್ ಎಂಟು ಎಲ್ಲಿಂದ ಬಂತು? ಗುಂಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಇದನ್ನೇ ಗಟ್ಟಿಯಾಗಿ ಕೇಳಿಕೊಂಡೆನೆಂದು ಕಾಣುತ್ತದೆ. ಪಾತ್ರೆ ತೊಳೆಯುತ್ತಿದ್ದ ಅಡುಗೆಯಮ್ಮ ಉತ್ತರ ಕೊಟ್ಟರು.

"ಅವತ್ತು ನೀರಿತ್ತಲ್ಲ ಸಾ. ನೀವ್ ಬರೋಕ್ ಮುಂಚೆ ಆರ್ ಬಿಂದ್ಗೆ ಉಯ್ದಿದ್ದೆ. ಎರಡ್ ಸೇರು ಕಲ್ಲುಪ್ಪೂ ಆಕಿದ್ದೆ."

"ಯಾರು ಹೇಳಿದ್ದು?"

"ಮೇಡಮ್ಮು. ಟೆಸ್ಟ್ ಮಾಡೋರು ಬತ್ತಾರೆ, ಗುಂಡಿ ತಂಪಾಗಿರ್ಬೇಕಂತೆ ಅಂದ್ರು. ಅದ್ಕೂ ಮುಂಚೆ ವರ್ಸಾನ್ಗಟ್ಲೆಯಿಂದ ಯಾರೂ ಒಂದು ಚೊಂಬು ಉಯ್ದಿಲ್ಲ."

ಉಪ್ಪುನೀರು ಬಿದ್ದ ಗುಂಡಿ ಒಣಗುವ ತನಕ ಕಡಿಮೆ ಅಂಕಿಯನ್ನೇ ತೋರಿಸುತ್ತದೆ. ನಾನು ವೈರ್‌ಮನ್ ಕಡೆ ನೋಡಿದೆ. ಅವರು ವೈರು ಸುತ್ತುತ್ತಿದ್ದರು.

"ಎಲ್ಲಾ ಕಡೇನೂ ಅಂಗೇ ಸಾ" ಎಂದರು ತಲೆಯೆತ್ತದೆ. "ಮೇಡಂ ಫೋನ್ ಮಾಡಿ ಏನ್ ರೆಡಿ ಮಾಡ್ಲಿ ಅಂದ್ರು. ವಸಿ ಉಪ್ಪು ನೀರು ಆಕ್ಸಿ ಅಂದೆ. ಮನೆಗೆ ಯಾರಾದ್ರೂ ಬತ್ತಾರೆ ಅಂದ್ರೆ ಬಾಗ್ಲು ಸಾರ್ಸಲ್ವಾ, ಅಂಗೆ. ಮೋಸ ಮಾಡಾಣ ಅಂತಲ್ಲ."

"ಹನೂರಿನಲ್ಲಿ ಯಾಕೆ ಹಾಕಿಸಲಿಲ್ಲ?"

"ಅಲ್ಲಿ ಕುಡಿಯಕ್ಕೇ ನೀರಿಲ್ಲ, ಗುಂಡಿಗೆ ಯಾರ್ ಉಯ್ತಾರೆ?"

ಅವರು ಸುಳ್ಳು ಹೇಳಲಿಲ್ಲ. ಅವರ ಕಸುಬಿನಲ್ಲಿ ಅದು ಮರ್ಯಾದೆ. ಪರೀಕ್ಷೆ ಎಂದರೆ ಅಂದಿನ ಮಟ್ಟಿಗೆ ಚೆನ್ನಾಗಿ ಕಾಣಬೇಕಾದ ಸಂಗತಿ. ನಾನು ಅಡುಗೆಯಮ್ಮನ ಕಡೆ ತಿರುಗಿ, ಇದನ್ನು ನನಗೆ ಅಂದೇ ಹೇಳಬಾರದಿತ್ತೇ ಎಂದೆ. ನನ್ನ ದನಿ ಏರಿತ್ತು.

"ಏಳ್ದೆನಲ್ಲ ಸಾ!" ಅವರು ಕೈಯಲ್ಲಿದ್ದ ತೆಂಗಿನ ನಾರನ್ನು ಕೆಳಗಿಟ್ಟರು. "ಉಷಾರು ಸಾ ಜಾರ್ತದೆ, ನೀರ್ ಉಯ್ದಿದೀನಿ ಅಂದೆ. ನೀವು ಒಳ್ಳೇದಾಯ್ತು ಕಣಮ್ಮ ಅಂದ್ರಿ. ಮಜ್ಗೆ ಕುಡ್ಕೊಂಡೇ ಅಂದ್ರಿ."

"ಆ ಮಜ್ಜಿಗೆಗೆ ಕರಿಬೇವು ಹಾಕಿದ್ರಾ?"

"ಕರ್ಬೇವಾಕ್ದೆ ಯಾರಾರ ಮಜ್ಗೆ ಮಾಡ್ತಾರಾ ಸಾ?"

ನನಗೆ ಆ ಮಾತು, ಆ ಎಚ್ಚರಿಕೆ, ನನ್ನದೆಂದು ಅವರು ಹೇಳಿದ ಉತ್ತರ ಯಾವುದೂ ನೆನಪಿಗೆ ಬರಲಿಲ್ಲ. ಬರಿಸಿಕೊಳ್ಳಲು ಬಹಳ ಪ್ರಯತ್ನಿಸಿದೆ. ಬರಿಸಿಕೊಂಡಷ್ಟೂ ಅದು ನಾನೇ ಕಟ್ಟಿಕೊಂಡ ಚಿತ್ರದಂತೆ ಕಾಣತೊಡಗಿತು. ಒಮ್ಮೆ ನೆಲ ಕಪ್ಪಗೆ ಹೊಳೆಯುತ್ತಿತ್ತು, ಇನ್ನೊಮ್ಮೆ ಬಿರುಕು ಬಿಟ್ಟಿತ್ತು.

ಅವಳಿಗೆ ಶಾಕ್ ಹೊಡೆದ ನಾಲ್ಕನೆಯ ದಿನ ಕೊಳ್ಳೇಗಾಲದಲ್ಲಿ ಸಂಸ್ಥೆಯ ಸಮಿತಿ ಸೇರಿತು. ಪ್ರಶ್ನೆ ಒಂದೇ. ಹುಡುಗಿ ನಿಯಮ ಮೀರಿ ಕಾಯಿಲ್ ಬಳಸಿ ಶಾಕ್ ಹೊಡೆಸಿಕೊಂಡಳೋ, ಇಲ್ಲವೋ. ಬಳಸಿದ್ದರೆ ಹಾಸ್ಟೆಲ್ ಸೀಟು ರದ್ದು. ಸೀಟು ಹೋದರೆ ಅವಳು ಬೆಟ್ಟದ ಮೇಲಿಂದ ಬಂದು ಪರೀಕ್ಷೆ ಬರೆಯಬೇಕು. ಬೆಳಗಿನ ಮೊದಲ ಬಸ್ಸು ಕೆಳಗಿಳಿಯುವಷ್ಟರಲ್ಲಿ ಪ್ರಶ್ನೆಪತ್ರಿಕೆ ಕೊಟ್ಟು ಅರ್ಧ ಗಂಟೆಯಾಗಿರುತ್ತದೆ. ಇದು ಅಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು.

ಅಡುಗೆಯಮ್ಮನನ್ನು ಕರೆಸಿದರು. ಅವರು ಸೆರಗನ್ನು ಬಿಗಿಯಾಗಿ ಹೊದ್ದು ಬಾಗಿಲ ಬಳಿ ನಿಂತರು. ಎದುರಿಗೆ ವಾರ್ಡನ್ ಕೂತಿದ್ದರು. ಗುಂಡಿಗೆ ನೀರು ಹಾಕಿದ್ದು ನಿಜವೇ ಎಂದು ಕೇಳಿದಾಗ, "ನಂಗೆ ಗ್ಯಾಪ್ನ ಇಲ್ಲ ಸಾಮಿ, ನಾನ್ ಅಡ್ಗೆ ಮಾಡೋಳು" ಎಂದರು. ವೈರ್‌ಮನ್ ಬರಲೇ ಇಲ್ಲ. ಹನೂರಿನ ಕಡೆ ಕೆಲಸವಿದೆಯಂತೆ.

ಕಾರ್ಯದರ್ಶಿ ಒಳ್ಳೆಯ ಮನುಷ್ಯ. ನನ್ನ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೇಳಿದರು.

"ಇದು ಮೂರು ಪಾಯಿಂಟ್ ಎಂಟು. ಇದು ಎಂಬತ್ತೇಳು. ಎರಡೂ ನಿಮ್ಮ ಸಹಿ. ಯಾವುದನ್ನ ನಂಬೋಣ ಸರ್?"

"ಎರಡೂ ಸರಿಯಿರಬಹುದು. ಒದ್ದೆ ಇದ್ದಾಗ ಅದು, ಒಣಗಿದಾಗ ಇದು."

"ಮೊದಲ ಸಲ ಅಳೆದಾಗ ನೆಲ ಒದ್ದೆ ಇತ್ತಾ?"

ಅಲ್ಲಿ ಹೌದು ಎನ್ನಬೇಕಿತ್ತು. ಅಡುಗೆಯಮ್ಮ ಹೇಳಿದ್ದನ್ನು ನಾನು ಮನಸ್ಸಿನಲ್ಲಿ ನಂಬಿದ್ದೆ. ಆದರೆ ನಂಬಿದ್ದು ಬೇರೆ, ಕಂಡದ್ದು ಬೇರೆ. ಕಂಡ ನೆನಪಿಲ್ಲದ್ದನ್ನು ಕಂಡೆ ಎನ್ನುವುದು ನನ್ನ ಓದಿಗೆ ಒಗ್ಗುವುದಿಲ್ಲ ಎಂದು ಆ ಕ್ಷಣದಲ್ಲಿ ನನಗೆ ನಾನೇ ಹೇಳಿಕೊಂಡೆ. ಅದರ ಕೆಳಗೆ ಇನ್ನೊಂದು ಇತ್ತು. ಒದ್ದೆ ಇತ್ತು ಎಂದರೆ ಒದ್ದೆ ನೆಲವನ್ನು ಕಂಡೂ ‘ಉತ್ತಮ’ ಎಂದು ಬರೆದವನು ನಾನು.

"ನೆನಪಿಲ್ಲ" ಎಂದೆ.

"ಫೋಟೋ?"

"ವರದಿಯಲ್ಲಿ ಅಂಟಿಸಿದ್ದಷ್ಟೇ." ಅದು ಮೀಟರಿನ ಮುಖವಷ್ಟೇ ಕಾಣುವಂತೆ ನಾನೇ ಕತ್ತರಿಸಿ ಅಂಟಿಸಿದ ಚಿತ್ರ.

ನನ್ನ ಅಭಿಪ್ರಾಯವನ್ನು ಬರೆದು ಕೊಡಲು ಹೇಳಿದರು. ಪಕ್ಕದ ಕೋಣೆಯಲ್ಲಿ ಕೂತು ಮುಕ್ಕಾಲು ಗಂಟೆ ಬರೆದೆ. ಗ್ರೈಂಡರ್ ದೋಷ, ಇಂದಿನ ಭೂಸಂಪರ್ಕದ ಸ್ಥಿತಿ, ಎಲ್ಲ ಬರೆದೆ. ಕೊನೆಯ ಸಾಲು ಹೀಗಿತ್ತು: ‘ಫಿಲ್ಟರ್ ಮೂಲಕ ಆಘಾತವಾಗಿರುವ ಸಾಧ್ಯತೆ ಇದೆ. ಕಾಯಿಲ್ ಬಳಕೆಯ ಸಾಧ್ಯತೆಯನ್ನೂ ತಳ್ಳಿಹಾಕಲಾಗದು.’ ಒಂದು ಅಕ್ಷರವೂ ತಪ್ಪಿಲ್ಲದ ಸಾಲು. ಸಮಿತಿಗೆ ಬೇಕಾಗಿದ್ದದ್ದು ಅದರ ಎರಡನೆಯ ಅರ್ಧ. ಹುಡುಗಿಯ ಪರೀಕ್ಷೆಗೆ ಸಂಸ್ಥೆ ಅಡ್ಡಿ ಮಾಡುವುದಿಲ್ಲ, ಆದರೆ ಶಿಸ್ತಿನ ದೃಷ್ಟಿಯಿಂದ ಹಾಸ್ಟೆಲ್ ಸೀಟು ಮುಂದುವರಿಸಲಾಗದು ಎಂದು ತೀರ್ಮಾನವಾಯಿತು. ಗ್ರೈಂಡರ್ ಬದಲಾಯಿತು. ಯಳಂದೂರಿಗೆ ಒಂದೇ ವಾರದಲ್ಲಿ ಇಎಲ್‌ಸಿಬಿ ಬಂತು. ನಾನೇ ನಿಂತು ಹಾಕಿಸಿದೆ. ಅದರ ಟೆಸ್ಟ್ ಬಟನ್ ಒತ್ತಿದಾಗ ಟಕ್ ಎಂದು ಇಡೀ ಕಟ್ಟಡ ಆರಿತು. ಹುಡುಗಿಯರು ಓ ಎಂದರು. ಅವಳ ಮಂಚದ ಮೇಲೆ ಆಗಲೇ ಬೇರೊಬ್ಬಳ ಹಾಸಿಗೆ ಇತ್ತು.

ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಆಗಲಿಲ್ಲ. ನಿದ್ದೆಗೆಟ್ಟವನಂತೆ ಮೂರೂ ಊರುಗಳಿಗೆ ಮತ್ತೆ ಮತ್ತೆ ಹೋದೆ. ಕರೆಯದಿದ್ದರೂ ಹೋಗಿ ಗುಂಡಿಗಳನ್ನು ಅಳೆದೆ. ಹನೂರಿನಲ್ಲಿ ಆ ಫ್ಯಾನಿನ ಹುಡುಗ ಹೊಸ ಪ್ಲಗ್ ಹಾಕಿದ್ದ. ತೋರಿಸಿ ನಕ್ಕ. ನನಗೆ ನಗು ಬರಲಿಲ್ಲ.

ಪರೀಕ್ಷೆಗಳು ಮುಗಿದ ಮೇಲೆ ಒಂದು ದಿನ ಬೆಟ್ಟದ ಬಸ್ಸು ಹತ್ತಿದೆ. ಚೆಕ್‌ಪೋಸ್ಟಿನಲ್ಲಿ ಯಾರ ಮನೆಗೆ ಎಂದು ಕೇಳಿದಾಗ ಅವಳ ಹೆಸರು ಹೇಳಿದೆ. "ಓ, ಕರೆಂಟ್ ಹೊಡೆದ ಹುಡುಗೀನಾ" ಎಂದರು. ಅವಳು ಮನೆಯ ಮುಂದೆ ಚಾಪೆಯ ಮೇಲೆ ಸೀಗೆಕಾಯಿ ಹರಡುತ್ತಿದ್ದಳು, ಎಡಗೈಯಲ್ಲಿ. ಬಲಗೈಯ ಎರಡು ಬೆರಳು ಮಡಚದೆ ನೆಟ್ಟಗೆ ನಿಂತಿದ್ದವು. ನನ್ನನ್ನು ಕಂಡು ಎದ್ದು, ಒಳಗಿನಿಂದ ಕುರ್ಚಿ ತಂದಳು. ಪ್ಲಾಸ್ಟಿಕ್ ಕುರ್ಚಿ.

"ಕೂತ್ಕಳಿ ಸಾರ್. ಇದ್ರಿಂದ ಭಯ ಇಲ್ಲ" ಎಂದು ನಕ್ಕಳು.

ಪರೀಕ್ಷೆ ಬರೆದೆಯಾ ಎಂದು ಕೇಳಿದೆ.

"ಮೊದಲ್ನೇದಕ್ಕೆ ಬೆಟ್ಟ ಇಳ್ದು ಓದೆ ಸಾರ್. ಬಸ್ಸು ಲೇಟು. ಒಳಗೆ ಬುಡ್ನಿಲ್ಲ. ಬುಟ್ಟಿದ್ರೂ ಈ ಕೈಲಿ ಎಷ್ಟು ಬರೀತಿದ್ನೋ." ಸೀಗೆಕಾಯಿಯನ್ನು ತಿರುವಿಹಾಕುತ್ತ ಕೇಳಿದಳು, "ನೀವು ಏನ್ ಬರೆದ್ರಿ ಸಾರ್? ನಲ್ಲಿ ಅಂತ ಬರೆದ್ರಾ, ಕಾಯಿಲ್ ಅಂತ ಬರೆದ್ರಾ?"

"ಎರಡೂ ಸಾಧ್ಯ ಅಂತ ಬರೆದೆ."

ಅವಳು ತಲೆಯಾಡಿಸಿದಳು. ಸಿಟ್ಟು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಡ್ಗೆಯಮ್ಮ ಬಂದಿದ್ರು ನೋಡಕ್ಕೆ. ಅತ್ರು. ಗುಂಡಿಗೆ ನೀರು ಉಯ್ದಿದ್ದು ನಿಮಗೆ ಏಳಿದ್ರಂತಲ್ಲ."

"ಹೇಳಿರಬಹುದು. ನನಗೆ ನೆನಪಿಲ್ಲಮ್ಮ. ನೆಲ ಒದ್ದೆ ಇತ್ತೋ ಇಲ್ಲವೋ ಅದೂ ನೆನಪಿಲ್ಲ. ಅದನ್ನೇ ಹೇಳೋಣ ಅಂತ ಬಂದೆ."

"ಅಷ್ಟು ಹೊತ್ತು ನಿಂತಿದ್ರಲ್ಲ ಸಾರ್ ಅಲ್ಲಿ" ಎಂದಳು. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ತಲೆಗೆ ಮರ್ತೋದ್ರೂ ಕಾಲಿಗೆ ಗೊತ್ತಿರ್ಬೇಕಲ್ಲ."

ರಾಗಿ ಮುದ್ದೆ ಉಂಡು ಹೋಗಿ ಎಂದಳು. ಬಸ್ಸಿನ ನೆವ ಹೇಳಿ ಎದ್ದೆ.

ಇಳಿಯುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮೊಬೈಲ್ ತೆಗೆದೆ. ಮೂಲ ಚಿತ್ರ ಅಳಿಸಿಹೋಗಿರಬೇಕೆಂದು ನಾನು ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು. ಸಮಿತಿಯ ಮುಂದೆ ಕೂತಿದ್ದಾಗಲೂ ಈ ಮೊಬೈಲ್ ನನ್ನ ಜೇಬಿನಲ್ಲೇ ಇತ್ತು. ಹುಡುಕಲು ಬಸ್ಸು ಎರಡು ತಿರುವು ದಾಟುವಷ್ಟು ಹೊತ್ತು ಕೂಡ ಹಿಡಿಯಲಿಲ್ಲ. ಚಿತ್ರ ಇತ್ತು. ನಡುವೆ ಮೀಟರು, ಅದರಲ್ಲಿ ಮೂರು ಪಾಯಿಂಟ್ ಎಂಟು. ಮೇಲಿನ ಮೂಲೆಯಲ್ಲಿ ನೀಲಿ ಬಿಂದಿಗೆಯ ಬಾಯಿ. ಕೆಳಗಿನ ಅಂಚಿನಲ್ಲಿ ನನ್ನ ಎಡಗಾಲಿನ ಶೂ, ಲೇಸಿನ ಮೊದಲ ತೂತಿನವರೆಗೂ ಕೆಸರಿನಲ್ಲಿ ಹೂತಿತ್ತು.